ಗುರುವಾರ, ಹನ್ನೊಂದು ಇಪ್ಪತ್ತು

ಹಲ್ಲು ಕೀಳಿಸಬೇಕು ಅಂತ ರಜೆಚೀಟಿ ಬರೆದುಕೊಟ್ಟೆ.
ಯಾವ ಹಲ್ಲು, ಕೇಳಿದ ಮೇಲ್ವಿಚಾರಕ ಜುಂಬೆರ್.
ದವಡೆಹಲ್ಲು, ಅಂದೆ, ಎಡಗಡೆ.
ಅಂದಿನಿಂದ ಅವನೆದುರು ಬಲಗಡೆಯಲ್ಲೇ ಜಗಿಯುತ್ತಿದ್ದೇನೆ.

ಅಕ್ಕ ತ್ಸಿಯಾಲಾಗೆ ಮಾತ್ರ ನಿಜ ಹೇಳಿದೆ.
ಫೋನಿನ ಆ ತುದಿಯಲ್ಲಿ ಬಹಳ ಹೊತ್ತು ನಲ್ಲಿನೀರಿನ ಸದ್ದು.
ಆಮೇಲೆ: ಡಾಕ್ಟರಿಗೆ ಎಲ್ಲ ಹೇಳಿಬಿಡಬೇಡ ನಾತೆಲಾ,
ಮೊದಲ ಸಲ ಅರ್ಧ ಹೇಳು.
ಯಾವ ಅರ್ಧ ಅಂತ ಹೇಳಲಿಲ್ಲ ಅವಳು.

ಅದಕ್ಕೇ ಈಗ, ರಾತ್ರಿ ಒಂದೂವರೆಗೆ,
ಅಡುಗೆಮನೆಯ ಮೇಜಿನ ಮೇಲೆ ಗ್ಯಾಸಿನ ಬಿಲ್ಲು ಮಗುಚಿಟ್ಟು
ಅದರ ಬೆನ್ನಿನ ಮೇಲೆ ಬರೆಯುತ್ತಿದ್ದೇನೆ.

ಆಸ್ಪತ್ರೆಯಲ್ಲಿ ಫೋನೆತ್ತಿದ ಹುಡುಗಿ ಹೇಳಿದ್ದಳು:
ಯಾವಾಗ ಶುರುವಾಯ್ತು, ಎಷ್ಟು ನಿದ್ದೆ, ಯಾವ ಮಾತ್ರೆ,
ಬರೆದುಕೊಂಡು ಬನ್ನಿ, ಒಳಗೆ ಕೂತಾಗ ಮರೆತುಹೋಗುತ್ತದೆ.
ಅವಳ ದನಿಯಲ್ಲಿ ಅವಸರವಿರಲಿಲ್ಲ.
ಅದೊಂದಕ್ಕೇ ಫೋನಿಟ್ಟು ಅತ್ತುಬಿಟ್ಟೆ.

ನಿದ್ದೆ: ಮೂರು ಗಂಟೆ. ಅಳಿಸಿದೆ.
ಮೂರು ಅಂದರೆ ಹೆಚ್ಚು ಹೇಳಿದ ಹಾಗಾಯಿತೋ, ಕಡಿಮೆಯೋ?
ಊಟ: ಬ್ರೆಡ್ಡು, ಚೀಸು, ನಿಂತುಕೊಂಡು.
ಮಾತ್ರೆ: ಪಕ್ಕದ ಮನೆ ಲಾಮಾರಾ ಕೊಟ್ಟ ವಲೇರಿಯನ್ ಹನಿ.
ಅದರ ವಾಸನೆಗೆ ಮಹಡಿಯ ಬೆಕ್ಕುಗಳೆಲ್ಲ ನನ್ನ ಬಾಗಿಲಿಗೆ ಬರುತ್ತವೆ.
ಇದನ್ನೂ ಬರೆಯಬೇಕೇ?

ಯಾವಾಗ ಶುರುವಾಯ್ತು.
ಇಲ್ಲೇ ಪೆನ್ನು ನಿಂತಿದೆ.

ನನ್ನ ಕೆಲಸ ಹೀಗೆ, ಡಾಕ್ಟರೇ:
ಟಿಬಿಲಿಸಿಯ ಮೆಟ್ರೋದಲ್ಲಿ, ನೆಲದಡಿ ಬಹಳ ಆಳದಲ್ಲಿ,
ಎಸ್ಕಲೇಟರು ಮುಗಿಯುವ ಕಡೆ ಒಂದು ಗಾಜಿನ ಗೂಡು.
ಅದರೊಳಗೆ ಹತ್ತೊಂಬತ್ತು ವರ್ಷ
ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತವಳು ನಾನು.
ಯಾರಾದರೂ ಬಿದ್ದರೆ ಕೆಂಪು ಗುಂಡಿ ಒತ್ತಬೇಕು.
ಅಷ್ಟೇ ಕೆಲಸ.
ಬಿದ್ದವರು ನಾಲ್ಕೋ ಐದೋ ಮಂದಿ,
ಎಲ್ಲರೂ ಎದ್ದು ಮೊಣಕಾಲು ಕೊಡವಿಕೊಂಡು ಹೋದರು.
ಒಬ್ಬಾಕೆಯ ದಾಳಿಂಬೆಗಳು ಮಾತ್ರ
ಒಂದೊಂದೇ ಇಳಿದು ಬಂದು ನನ್ನ ಗೂಡಿನ ಬುಡದಲ್ಲಿ ನಿಂತವು.

ಈಗ ಯಾರೂ ಬೀಳುವುದಿಲ್ಲ.
ಆದರೆ ಕಣ್ಣಿಗೆ ಬಿದ್ದವರೆಲ್ಲ ಬೀಳುತ್ತಾರೆ:
ಶಾಲೆಚೀಲದ ಹುಡುಗ, ಹೂಗುಚ್ಛ ಹಿಡಿದ ಮುದುಕ, ಬಸುರಿ.
ಬಿದ್ದು ಮುಗಿದ ಮೇಲೆ ಕೆಳಗೆ ಬಂದು
ನೆಟ್ಟಗೆ ನಡೆದುಹೋಗುತ್ತಾರೆ.
ಬಲಗೈ ಗುಂಡಿಯ ಮೇಲೆ. ಮನೆಯಲ್ಲೂ.
ಚಮಚದ ಮೇಲೆ, ದಿಂಬಿನ ಮೇಲೆ,
ಚರ್ಚಿನಲ್ಲಿ ಮೇಣದಬತ್ತಿಯ ಮೇಲೆ,
ಹೆಬ್ಬೆರಳು ಒತ್ತಲು ಸಿದ್ಧವಾಗೇ ಇರುತ್ತದೆ.

ಇಷ್ಟನ್ನೂ ಬರೆದು ಓದಿದೆ.
ಯಾರೋ ಬೇರೆ ಹೆಂಗಸಿನ ದೂರು ಓದಿದ ಹಾಗಿತ್ತು.
ಅವಳ ಮೇಲೆ ಕನಿಕರ ಬಂತು,
ನನ್ನ ಮೇಲೆ ಇಷ್ಟು ದಿನ ಬಾರದ್ದು.

ಬೆಳಿಗ್ಗೆ ನೀಲಿ ಅಂಗಿಗೆ ಇಸ್ತ್ರಿ ಹಾಕಿ ಹಿಂಜರಿದೆ:
ಗರಿಗರಿ ಕಾಲರಿನವಳ ಮಾತು ಯಾರು ನಂಬುತ್ತಾರೆ?
ಸುಕ್ಕಾದದ್ದನ್ನು ತೊಟ್ಟೆ. ಅದು ನಾಟಕವಾಯಿತು.
ಮತ್ತೆ ಇಸ್ತ್ರಿಯದ್ದೇ.
ಡಾಕ್ಟರಿಗೆಂದು ಪ್ಲಮ್ ಗೊಜ್ಜಿನ ಸೀಸೆ ಚೀಲಕ್ಕಿಟ್ಟೆ, ತೆಗೆದೆ.
ಹಲ್ಲಿನ ಡಾಕ್ಟರಿಗಾದರೆ ಒಯ್ಯುತ್ತಿದ್ದೆನಲ್ಲ.
ತೆಗೆದದ್ದನ್ನು ಮತ್ತೆ ಇಟ್ಟೆ.

ನಮ್ಮ ಕಟ್ಟಡದ ಲಿಫ್ಟು ಹಳೆಯದು.
ಒಂಬತ್ತನೆಯ ಮಹಡಿಗೆ ಏರಲು ಹತ್ತು ತೆತ್ರಿಯ ನಾಣ್ಯ ಹಾಕಬೇಕು,
ಇಳಿಯುವುದಕ್ಕೆ ಏನೂ ಬೇಡ.
ಲಾಮಾರಾ ಬಾಗಿಲ ಸಂದಿಯಿಂದ ಕೇಳಿದಳು: ಹಲ್ಲಾ?
ಹೂಂ, ಅಂದೆ, ತಪ್ಪಿ ಬಲಗೆನ್ನೆ ಹಿಡಿದುಕೊಂಡು.

ಲಿಫ್ಟು ಬಂತು. ಒಂದು ಕಾಲು ಒಳಗಿಟ್ಟವಳು
ಮನೆಗೆ ತಿರುಗಿ ಬಂದೆ.
ಕನ್ನಡಿಯ ಕೆಳಗಿನ ಬಟ್ಟಲಲ್ಲಿ ಬೆರಳಾಡಿಸಿ
ಹತ್ತು ತೆತ್ರಿಯ ಒಂದು ನಾಣ್ಯ ಹುಡುಕಿ
ಗ್ಯಾಸ್ ಬಿಲ್ಲಿನ ಮಡಿಕೆಯೊಳಗಿಟ್ಟೆ.
ವಾಪಸು ಬರುವಾಗ ಬೇಕಲ್ಲ.